ಒಣ ಅರಿವಿ

ವಾಸ್ಕೋದ ಉಪ್ಪುಗಾಳ್ಯಾಗ ಅರಿವಿ ಒಣಗಂಗಿಲ್ಲ.
ಬೈನಾದಾಗ ನಮ್ಮ ಖೋಲಿ, ಸಮುದ್ರಕ್ಕ ಬೆನ್ನು ಕೊಟ್ಟು ಕುಂತದ್ದು.
ಒಳಗೊಂದು ಹಗ್ಗ, ಹಗ್ಗದ ತುಂಬ ಆಷಾಢ.
ಅದಕ್ಕ ನಾ ಹಿಗ್ಗಿದ್ದೆ:
ದಿನಕ್ಕ ನಾಕೇ ನಾಕು ಅರಿವಿ ತೋಯಿಸ್ತಿತ್ತು ನನ್ನ ಮಗಳ ಕೂಸು.
ನಳದ ಪಾಳ್ಯಾಗ ನಿಂತು ಹೇಳಿದೆ ಗುರುಬಸವ್ವಗ,
ನಮ್ಮ ಮೊಮ್ಮಗ ಭಾಳ ಶಾಣ್ಯಾ,
ಅಜ್ಜಿ ಕೈ ನೋಯಿಸಂಗಿಲ್ಲ.

ಕಾಲ ಮ್ಯಾಲ ಹಾಕ್ಕೊಂಡು ಎರೀವಾಗ
ಬೊಟ್ಟಿಗೆ ಸಿಕ್ಕಿತ್ತು, ಹೊಕ್ಕಳದ ಕೆಳಗ,
ಹಸಿ ಮಾವಿನಕಾಯಿಯಂಥ ಗಟ್ಟಿ.
ವಾಯು ಅಂದೆ. ಬಜಿ ತೇದು ಹಚ್ಚಿದೆ.
ಅದು ಮುಕ್ಕಿ ಮುಕ್ಕಿ ಅಳತಿತ್ತು,
ಒಂದು ಹನಿ,
ಆಮ್ಯಾಲ ಭಾಳ ಹೊತ್ತಿಗೆ ಇನ್ನೊಂದು.

ಇಪ್ಪತ್ತೊಂದನೇ ದಿನ ಮೈ ಕಾದ ಹಂಚು.
ಬಾಂಬೋಳಿಯ ದವಾಖಾನಿ, ಗುಡ್ಡದ ಮ್ಯಾಲ.
ತೊಟ್ಟಲಾ ಕಟ್ಟಿರಲಿಲ್ಲ, ಹೆಸರೂ ಇಲ್ಲ;
ಕೈಗೆ ಕಟ್ಟಿದ ಪಟ್ಟ್ಯಾಗ 'ರೇಣವ್ವನ ಕೂಸು' ಅಂತ ಬರದ್ರು.
ಡಾಕ್ಟರು ಸಣ್ಣ ಹುಡುಗಿ. ಅರ್ಧ ಹಿಂದಿ, ಅರ್ಧ ಕೊಂಕಣಿ,
ಉಳಿದದ್ದು ಪೆನ್ನು:
ಒಂದು ಪುಗ್ಗಾ ತಗದ್ಲು, ಪುಗ್ಗಾದ ಕೆಳಗ ಒಂದು ನಳಿಗಿ,
ನಳಿಗಿಯೊಳಗ ಉಳ್ಳಾಗಡ್ಡಿ ಪೊರಿಯಂಥ ಒಂದು ಪಡದೆ.
ಹೊಟ್ಟ್ಯಾಗಿದ್ದಾಗಲೇ ಬೆಳದದ್ದು. ಸಾವಿರಾರು ಗಂಡುಕೂಸಿನಾಗ ಒಂದಕ್ಕ.
ನೀರು ದಾರಿ ಸಿಗದ ಹೊಳ್ಳಿ
ಎರಡೂ ಕಿಡ್ನಿಗೆ ಏರೇತಿ.

ನಾನು ನಾಕು ಅರಿವಿ ಎಣಿಸಿದೆ, ಒಳಗೊಳಗ.

ಮದಲ ಕೂದಲೆಳಿಯಂಥ ನಳಿಗಿ ಹಾಕಿದ್ರು. ರಕ್ತ ತಿಳಿಯಾಗಲಿ ಅಂತ ಆರು ದಿನ.
ಮುಂದ ಆಪರೇಷನ್. ಬೆಳಕಿರೋ ಸಣ್ಣ ದುರ್ಬೀನು
ಬಂದ ದಾರ್ಯಾಗೇ ಹೋಗಿ ಪೊರಿ ಸುಡತೈತಂತ.
ಅಳಿಯ ಯಮನೂರ ಜೆಟ್ಟಿಯಿಂದ ಓಡಿ ಬಂದಾಂವ
ಮೂರು ಸಲ ಸಾಬಾಣ ಹಚ್ಚಿ ಕೈ ತೊಳಕೊಂಡು ಸಹಿ ಮಾಡಿದ,
ಕಾಗದಕ್ಕ ಮೀನು ನಾರಬಾರದಂತ.
ಎಷ್ಟು ಉದ್ದ ಕೊಯ್ತೀರವ್ವಾ, ಕೇಳಿದೆ.
ಹೊರಗ ಒಂದು ಗೆರಿನೂ ಇರಂಗಿಲ್ಲ ಅಜ್ಜಿ.
ಹಂಗಾದ್ರ ನಾ ಅರಿಷಿಣ ಎಲ್ಲಿ ಹಚ್ಚಲಿ?

ನಳಿಗಿ ತಗದ ದಿನ
ನರ್ಸು ಫಿಲೋಮಿನಾ ಕೂಸಿನ್ನ ಬರಿಮೈಲೆ ಮಲಗಿಸಿದ್ಲು.
ಸುತ್ತ ನಾವು ನಾಕು ಮಂದಿ, ಉಸಿರು ಹಿಡದು,
ಒಂದು ಇಂಚಿನ ಮೈ ನೋಡಕೋತ ನಿಂತಿವಿ.
ಗಡಿಯಾರ, ಪಂಖಾ, ಹೊರಗ ಯಾರದೋ ಕೆಮ್ಮು.
ಆಮ್ಯಾಲ ಎದ್ದಿತು ನೋಡು
ಕಾಮನಬಿಲ್ಲಿನಂಗ ಬಾಗಿ,
ಫಿಲೋಮಿನಾನ ಬಿಳಿ ತೋಳು ದಾಟಿ, ನನ್ನ ಇಳಕಲ್ ಸೀರಿ ಸೆರಗಿಗೆ.
ರೇಣವ್ವ ನಗಾಕ ಹೋಗಿ ಅತ್ಲು.

ಎಡಗಡೆ ಕಿಡ್ನಿ ಇನ್ನೂ ಮೆತ್ತಗೈತಂತ.
ತಿಂಗಳಾ ರಕ್ತ ಕೊಡಬೇಕು, ದೊಡ್ಡಾಂವಾಗೂ ತನಕ ನೋಡಬೇಕಂತ.
ನೋಡಿದ್ರಾತು.

ಇವತ್ತ ಹಗ್ಗದ ಮ್ಯಾಲ ಹದಿಮೂರು.
ಒಂದೂ ಒಣಗಿಲ್ಲ.
ಕತ್ತಲಾದ ಮ್ಯಾಲೂ ಎದ್ದೆದ್ದು
ಒಂದೊಂದನ್ನೂ ಗಲ್ಲಕ್ಕ ಹಚ್ಚಿ ನೋಡತೇನಿ.