ನಲವತ್ತು ನಿಮಿಷಕ್ಕೊಮ್ಮೆ

ಕುತಾಯಿಸಿಯ ಆಸ್ಪತ್ರೆಯಲ್ಲಿ ನೆಲಮಾಳಿಗೆಗೆ
ಹದಿನಾಲ್ಕು ಮೆಟ್ಟಿಲು. ಹನ್ನೆರಡನೆಯದು ಮುರಿದಿದೆ.
ಮ್ಜೆವಿನಾರ್ ನೋಡದೆಯೇ ದಾಟುತ್ತಾಳೆ, ನಾನು ಎಡವುತ್ತೇನೆ.
ಕೆಳಗೆ, ರಕ್ತಪರೀಕ್ಷೆಯ ತಂತ್ರಾಂಶ ಹೊತ್ತು
ಇಪ್ಪತ್ತು ವರ್ಷದಿಂದ ಬಿಸಿಯುಸಿರು ಬಿಡುವ ಸರ್ವರ್.
ಅದು ಮೋಡಕ್ಕೆ ಏರುವುದಿಲ್ಲ. ಬರೆದ ಕಂಪನಿಯೇ ಮುಚ್ಚಿಹೋಗಿದೆ.
ನೆಲದಲ್ಲಿ ಹೂತ ದ್ರಾಕ್ಷಾರಸದ ಹಂಡೆಯ ಹಾಗೆ,
ಎತ್ತಿದರೆ ಒಡೆಯುತ್ತದೆ.

ಅವಳ ಬಳಿ ಒಂದು ಲೆಜ್ಜರು.
ಹೊಸ ದಾದಿ ಬಂದರೆ ಮೆಟ್ಟಿಲಿಳಿದು ಬರಬೇಕು,
ಹೆಸರು ಹೇಳಬೇಕು, ತಂದೆಯ ಹೆಸರು ಹೇಳಬೇಕು,
ಯಾವ ಊರು, ಮದುವೆ ಆಯಿತೇ, ಅಕ್ರೋಟು ತಿನ್ನುತ್ತೀಯಾ, ತಗೋ.
ಮೂರು ದಿನ ಬಿಟ್ಟು ಒಂದು ಚೀಟಿ:
ಇದು ನಿನ್ನ ಪಾಸ್‌ವರ್ಡು, ಓದಿ ನುಂಗಿಬಿಡು.

ನಾನು ಬಂದದ್ದು ಆ ಮೂರು ದಿನವನ್ನು ಕಿತ್ತುಹಾಕಲು.
ಟಿಬಿಲಿಸಿಯಿಂದ ಮಿನಿಬಸ್ಸಿನಲ್ಲಿ, ಒಂದು ಲ್ಯಾಪ್‌ಟಾಪು, ಅರ್ಧ ಬ್ರೆಡ್ಡು.
ಸರ್ವರ್ ಪಕ್ಕದಲ್ಲೊಬ್ಬ ಏಜೆಂಟನನ್ನು ಕೂರಿಸಿದೆ.
ಮನುಷ್ಯನಲ್ಲ, ಆದರೂ ಕಾವಲುಗಾರನ ಬುದ್ಧಿ:
ತಾನೇ ಹೊರಗೆ ಕೂಗಿ ಕೇಳುತ್ತಾನೆ, ಹೊಸಬರು ಯಾರಾದರೂ?
ಹೊರಗಿನವರು ತಟ್ಟೋಣವೆಂದರೆ ಬಾಗಿಲೇ ಇಲ್ಲ.
ನೇಮಕಾತಿಯವರ ಪಟ್ಟಿಗೆ ಹೆಸರು ಬಿದ್ದರೆ ಸಾಕು
ನಲವತ್ತು ನಿಮಿಷದೊಳಗೆ ಇಲ್ಲೊಂದು ಖಾತೆ ಹುಟ್ಟುತ್ತದೆ,
ಅಲ್ಲಿ ಅಳಿದರೆ ಇಲ್ಲಿ ಕಣ್ಣು ಮುಚ್ಚುತ್ತದೆ.

ಹೇಳಿದಷ್ಟು ಸುಲಭವಲ್ಲ.
ಹಳೆಯದಕ್ಕೆ ಎಂಟೇ ಅಕ್ಷರ ಹಿಡಿಸುತ್ತದೆ, ಅದೂ ಲ್ಯಾಟಿನ್.
ನಮ್ಮ ಗಂಟಲು ಬಲ್ಲ ಮೂರು ಬಗೆಯ 'ಕ'
ಒಂದೇ ಸಂದಿಯಲ್ಲಿ ನುಸುಳಬೇಕು.
ಬಾಲ ಕತ್ತರಿಸಿಕೊಂಡ ಮನೆತನಗಳು ಪರದೆಯ ಮೇಲೆ ಸಾಲುಗಟ್ಟಿದವು.
ಅಕ್ಕತಂಗಿಯರಿಬ್ಬರು ಒಬ್ಬಳೇ ಆದರು.
ಒಬ್ಬಳ ಕೊನೆಗೆ ಎರಡು ಎಂಬ ಅಂಕಿ ಅಂಟಿಸಿದೆ.
"ಹಿರಿಯಳು ನಾನು," ಎಂದು ಮೂರನೆ ಮಹಡಿಯಿಂದ ಫೋನು ಬಂತು.

ಶುಕ್ರವಾರ ಸಂಜೆ ಇಡೀ ಪಟ್ಟಿ ಓಡಿಸಿದೆ,
ಏನನ್ನೂ ಬದಲಿಸದೆ, ಬರೀ ಹೊಂದಿಸಿ ನೋಡಲು.
ನಾನೂರ ಹನ್ನೊಂದು ಹೊಂದಿದವು. ಒಂದು ಉಳಿಯಿತು:
ಡಾಕ್ಟರ್ ಬೋಂದೋ ಕೊಪಾಲಿಯಾನಿ, ಕೊನೆಯ ಇಕಾರ ಉದುರಿದ್ದು.
ನೇಮಕಾತಿಯಲ್ಲಿ ಅವರಿಲ್ಲ.
ಒಳಬಂದ ಕೊನೆಯ ಸಮಯ, ನಿನ್ನೆ ರಾತ್ರಿ ಮೂರು ಹತ್ತು.

"ಅವರು ಸತ್ತು ಹನ್ನೊಂದು ವರ್ಷ," ಎಂದಳು ಮ್ಜೆವಿನಾರ್,
ಲೆಜ್ಜರು ಮುಚ್ಚಿ, ಮತ್ತೆ ತೆರೆದು.

ರಾತ್ರಿಪಾಳಿಯ ತ್ಸಿಯುರಿಯನ್ನು ಕೇಳಿದೆ. ಅವಳು ನಾಚಲಿಲ್ಲ.
"ಚೀಟಿ ಬರುವ ತನಕ ರಕ್ತ ಕಾಯುತ್ತದೆಯೇ, ಮಗೂ?
ಪಾಸ್‌ವರ್ಡು ಎಲ್ಲರಿಗೂ ಬಾಯಿಪಾಠ,
ಅವರ ಹಿತ್ತಿಲ ದ್ರಾಕ್ಷಿಯ ತಳಿ, ಬಳ್ಳಿ ನೆಟ್ಟ ವರ್ಷ.
ಹೊಸ ಹುಡುಗಿಗೆ ಮೊದಲ ರಾತ್ರಿ ಹೇಳುತ್ತೇವೆ,
ಗುಟ್ಟಿನ ಹಾಗಲ್ಲ, ಅವರ ಕತೆ ಹೇಳುವ ಹಾಗೆ."

ಹನ್ನೊಂದು ವರ್ಷ ಈ ಊರಿನ ನಡುರಾತ್ರಿಯ ರಕ್ತಕ್ಕೆಲ್ಲ
ಸತ್ತವರ ಸಹಿ.
ಆಟಕ್ಕುಂಟು ಲೆಕ್ಕಕ್ಕಿಲ್ಲ, ಈ ಹುಡುಗಿಯರು.
ಲೆಕ್ಕಕ್ಕುಂಟು ಆಟಕ್ಕಿಲ್ಲ, ಆತ.
ಹೆಸರು ಉಳಿಸಿಹೋದರು ಎನ್ನುವ ಮಾತು
ಇಷ್ಟು ಅಕ್ಷರಶಃ, ಒಂದಕ್ಷರ ಕಡಿಮೆ,
ನಾನೆಲ್ಲೂ ಕಂಡಿಲ್ಲ.

ನಿಯಮವೇನೋ ಸ್ಪಷ್ಟ. ಒಂದು ಟಿಕ್ಕು ಹಾಕಿದರೆ ಮುಗಿಯಿತು.
ನಾನು ಮೇಲೆ ಹೋಗಿ ಚಹಾ ಕುಡಿದು ಬಂದೆ.
"ಅಳಿಸುತ್ತದೆಯೋ, ಮುಚ್ಚುತ್ತದೆಯೋ?" ಕೇಳಿದಳು ಮ್ಜೆವಿನಾರ್.
ಮುಚ್ಚುತ್ತದೆ, ಎಂದೆ. ಹಾಕಿದ ಸಹಿಗಳು ಅಲ್ಲೇ ಇರುತ್ತವೆ.
"ಹಾಗಾದರೆ ಸೋಮವಾರ. ತ್ಸಿಯುರಿಗೆ ಹೇಳಿಬರುತ್ತೇನೆ,
ಉಳಿದವರಿಗೂ."

ಸೋಮವಾರ ಒಂಬತ್ತೂ ಇಪ್ಪತ್ತಕ್ಕೆ
ಖಾತುನಾ ಎಂಬ ಹೊಸ ದಾದಿ ಮಹಡಿಯಲ್ಲೇ ಕೂತು
ತನ್ನ ಹೆಸರಿನಲ್ಲೇ ಒಳಹೊಕ್ಕಳು.
ಅವಳ ಊರು ಯಾವುದು, ಅಕ್ರೋಟು ತಿನ್ನುತ್ತಾಳೋ,
ಏಜೆಂಟ ಕೇಳಲಿಲ್ಲ. ಅವನ ಪಟ್ಟಿಯಲ್ಲಿ ಆ ಕಾಲಮ್ಮಿಲ್ಲ.
ಮ್ಜೆವಿನಾರ್ ಲೆಜ್ಜರಿನ ಕೊನೆಯ ಪುಟದಲ್ಲಿ
ಪೆನ್ಸಿಲ್ಲಿನಿಂದ ಕೊಪಾಲಿಯಾನಿ ಎಂದು ಬರೆದಳು,
'ನಿ' ಪೂರ್ತಿ ಬರೆದು.
ಆಮೇಲೆ, ಹನ್ನೆರಡನೆ ಮೆಟ್ಟಿಲಿಗೆ ಗಾರೆಯವನನ್ನು
ಇನ್ನು ಕರೆಸಬೇಕೋ ಬೇಡವೋ,
ಎಂದು ನನ್ನನ್ನೇ ಕೇಳಿದಳು.