ವಾಂಡಾಳ ಹಲ್ಲು

ಟೊಲೀಡೊದಲ್ಲಿ ಶಾಲೆಬಸ್ಸು ಓಡಿಸುವ ವಾಂಡಾ,
ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದವಳು,
ಹೋದ ಮಾರ್ಚಿನಲ್ಲಿ
ಇಪ್ಪತ್ತೆಂಟು ಸಾವಿರ ಡಾಲರ್ ಸಾಲ ಎತ್ತಿದಳು.
ಅಡವು ಬೇಡ, ಜಾಮೀನು ಬೇಡ;
ಫೋನಿನ ಗಾಜಿನ ಮೇಲೆ ಬೆರಳಲ್ಲಿ ಗೀಚಿದ ಹೆಸರು ಸಾಕು.

ಕೈಗೆ ಬರುವ ಮೊದಲೇ ಶುಲ್ಕವೆಂದು
ಸಾವಿರದ ಆರುನೂರ ಎಂಬತ್ತು ಮುರಿದುಕೊಂಡರು.
ಬಾರದ ಆ ದುಡ್ಡಿಗೂ ಬಡ್ಡಿ,
ಎಂಬತ್ತನಾಲ್ಕು ತಿಂಗಳು.

ಈಗ ಬಾಯ್ತುಂಬ ಬಿಳಿ ಹಲ್ಲು, ಸಾಲಾಗಿ,
ಸಾಲವಾಗಿ.
ಕಡಲೆ ಎಲ್ಲಿಂದ ತರುವುದು?
ಡಬ್ಬಿಯಲ್ಲಿ ಅದೇ ಮೆತ್ತನೆಯ ಬ್ರೆಡ್ಡು,
ಹಲ್ಲಿಲ್ಲದಾಗ ನುಂಗುತ್ತಿದ್ದದ್ದೇ.

ಎರಡು ಕಂತು ತಪ್ಪಿತು. ವಸೂಲಿಯವನ ಫೋನು.
"ಬಂದು ಕಿತ್ತುಕೊಂಡು ಹೋಗಪ್ಪಾ" ಎಂದು ನಕ್ಕಳು.
ಅವನು ನಗಲಿಲ್ಲ.
ಕೋರ್ಟು ಎಂದ, ಸಂಬಳ ಎಂದ.

ಫೋನಿಟ್ಟಳು.
ಪಕ್ಕದ ಸೀಟಿನಿಂದ ನಾನು ನೋಡಿದೆ:
ಕೈ ಮತ್ತೆ ಬಾಯಿಗೆ ಅಡ್ಡ ಹೋಗಿತ್ತು.