ಕೌಲ್ ಬಜಾರಿನಿಂದ ಕೌಲೂನಿಗೆ

ಮೊದಲು ಸಮುದ್ರ ಹಾಸಬೇಕು.
ಅದೇನು ಕಷ್ಟವಿರಲಿಲ್ಲ:
ಮೇಜಿನುದ್ದಕ್ಕೂ ಅರವತ್ತು ಪದರ ಡೆನಿಮ್,
ಬೆಳಿಗ್ಗೆ ಪಂಪಾಪತಿ ಮೇಸ್ತ್ರಿ ಬಂದು ಕತ್ತರಿಸಬೇಕಾದದ್ದು,
ಆಗಲೇ ಹಾಸಿತ್ತು.

ಕರೆಂಟು ಹೋಗಿ ಮಿಷನ್ನುಗಳೆಲ್ಲ ಬಾಯಿ ಮುಚ್ಚಿದ್ದವು.
ಹುಸೇನ್‌ಬಿ ಎಡಗೈಯಲ್ಲಿ ಸೀಮೆಸುಣ್ಣದ ಬಿಲ್ಲೆ ಹಿಡಿದು
ನೀಲಿಯ ನಡುವೆ ಸೊಟ್ಟಗೆ ಒಂದು ಹುಣಸೆ ಬೀಜ ಬರೆದಳು.
"ಇದು ದ್ವೀಪ."
ಅದರ ನೆತ್ತಿಯ ಮೇಲೊಂದು ಗೆರೆ.
"ಇದು ಕೌಲೂನ್. ನಡುವೆ ನೀರು. ಹಡಗಿನಾಗೆ ಹತ್ತೇ ನಿಮಿಷ."
ಎರ್ರೆಮ್ಮ ಮೊಬೈಲಿನ ಬೆಳಕು ಹಿಡಿದು ನಕ್ಕಳು:
"ಕೌಲ್ ಬಜಾರಿಂದ ಕೌಲೂನಿಗೆ!
ಇಷ್ಟು ದುಡ್ಡು ಸುರಿದೂ ಓಣಿ ದಾಟಿದಂಗಾಗಲಿಲ್ಲಲ್ಲೇ!"

ಚೀಟಿ ಮುಗಿಯಲು ಇನ್ನೂ ಏಳು ತಿಂಗಳು.
ಯಾಕೆ ಕಟ್ಟುತ್ತೀರಿ ಅಂತ ಮನೆಯಲ್ಲಿ ಕೇಳಿದರೆ
ಮೂವರದೂ ಒಂದೇ ಉತ್ತರ: ಬಂಗಾರಕ್ಕೆ.

ಜುಲೈ ಬೇಡ, ಬಿರುಗಾಳಿಯ ಕಾಲವಂತೆ.
ಅಲ್ಲಿ ಗಾಳಿಗೂ ನಂಬರು ಕೊಡುತ್ತಾರೆ,
ಎಂಟನೇ ನಂಬರು ಏರಿತೋ ಅಂಗಡಿ ಬಂದ್, ಶಾಲೆ ಬಂದ್.
ನಮ್ಮ ಬಿಸಿಲಿಗೂ ಹಾಗೆ ನಂಬರು ಹಾಕಿದ್ದರೆ
ಯುಗಾದಿಗೆ ಎಳೆದ ಷಟರು
ಬಳ್ಳಾರಿಯಲ್ಲಿ ಕಾರಹುಣ್ಣಿಮೆವರೆಗೆ ಮೇಲೇಳುತ್ತಿರಲಿಲ್ಲ.
ದೀಪಾವಳಿಗೆ ಆರ್ಡರಿನ ಗಡಿಬಿಡಿ. ಹಾಗಾದರೆ ಜನವರಿ.
ಜನವರಿಯಲ್ಲಿ ಅಲ್ಲಿ ಸ್ವೆಟರ್ ಬೇಕಂತೆ.
ಸ್ವೆಟರ್ ಯಾರ ಹತ್ತಿರ ಇದೆ?
ಸುಮ್ಮನಾದೆವು. ಸೊಳ್ಳೆ ಮಾತ್ರ ಗುಂಯ್ ಅಂದಿತು.

ಎರ್ರೆಮ್ಮನಿಗೆ ಬೇಕಾದದ್ದು ಟ್ರಾಮು.
ಎರಡು ಮಾಳಿಗೆಯದು, ಮೇಲಿನದರಲ್ಲಿ, ಮುಂದಿನ ಸೀಟು.
"ಕಡೇ ಸ್ಟಾಪಿನ ತನಕ ಇಳಿಯಂಗಿಲ್ಲ.
ಯಾರೂ ನನ್ನ ಚಾ ಕೇಳಂಗಿಲ್ಲ."
ಕೈಚೀಲದಲ್ಲಿ ಶೇಂಗಾ ಚಟ್ನಿಪುಡಿ ಇರುತ್ತದೆ,
ಕಸ್ಟಮ್ಸಿನವರು ಕೇಳಿದರೆ ಔಷಧಿ.

ನನಗೆ ಮೆಟ್ಟಿಲು.
ಆ ಊರಲ್ಲಿ ಮೆಟ್ಟಿಲೇ ಗುಡ್ಡ ಹತ್ತುತ್ತದಂತೆ,
ಬೀದಿಯ ಮೇಲೆ, ಬಾಲ್ಕನಿಗಳ ಪಕ್ಕದಲ್ಲಿ, ಒಣಗಿದ ಅಂಗಿಗಳ ನೆರೆಯಲ್ಲಿ.
ಈ ಕೋಟೆಗುಡ್ಡವನ್ನು ಎಷ್ಟು ಸಲ ಏರಿಲ್ಲ ನನ್ನ ಮಂಡಿ!
ಒಂದು ಸಲ ನಾನು ನಿಲ್ಲುತ್ತೇನೆ,
ಗುಡ್ಡ ಇಳಿದು ಬರಲಿ.

ಹುಸೇನ್‌ಬಿ ಹೇಳಲೇ ಇಲ್ಲ.
ಎರಡು ಸಲ ಕೇಳಿದ ಮೇಲೆ, ಮೂಲೆಯ ರಟ್ಟಿನ ಡಬ್ಬ ತೋರಿಸಿದಳು.
ಜಿಪ್ಪು ಬರುವ ಡಬ್ಬ. ಮೇಲೆ ಕೌಲೂನಿನ ಯಾವುದೋ ಬೀದಿಯ ಹೆಸರು,
ಗುಂಡಿ, ಲೇಸು, ರಿಬ್ಬನ್ನಿನ ಬೀದಿ.
ಹನ್ನೊಂದು ವರ್ಷದಿಂದ ಅವಳೇ ಬಿಚ್ಚುವುದು.
"ಟೇಪು ನೋಡ್ರಿ. ಯಾವಾಗಲೂ ಎಡಗಡೆಯಿಂದ ಸುತ್ತಿರ್ತಾಳೆ.
ನನ್ನಂಗೇ ಎಡಚಿ ಅವಳು."
"ಅವಳೋ ಅವನೋ?"
"ಅವಳೇ. ಗಂಡಸು ತುದೀನ ಇಷ್ಟು ಚೆಂದ ಮಡಚಲ್ಲ."

ಸುಣ್ಣ ಒರೆಸುವುದು ಮರೆತೆವು.
ಬೆಳಿಗ್ಗೆ ಮೇಸ್ತ್ರಿಯ ಕಟರು ಗರ್ ಎಂದು ಸಮುದ್ರಕ್ಕಿಳಿಯಿತು.
ದ್ವೀಪ ಮೂವತ್ನಾಲ್ಕರ ಸೈಜಿನ ಎಡ ತೊಡೆಗೆ ಹೋಯಿತು,
ಹಡಗಿನ ದಾರಿ ಚಿಂದಿಯ ಮೂಟೆಗೆ.
ಕೌಲೂನ್ ಹಿಂಜೇಬಾಗಿ ನನ್ನ ಮಿಷನ್ನಿಗೇ ಬಂತು.
ಅಂಚು ಮಡಚಿ ಹೊಲಿದೆ, ಗೆರೆ ಉಳಿಸಿ.
ವಾಷಿಂಗಿನಲ್ಲಿ ಹೇಗೂ ಹೋಗುತ್ತದೆ.

ಮಧ್ಯಾಹ್ನ ಚೌಕಾಸಿಯ ಅಭ್ಯಾಸ.
ಆ ಬೀದಿಯಲ್ಲಿ ಭಾಷೆ ಬೇಡ, ಕ್ಯಾಲ್ಕುಲೇಟರ್ ಸಾಕಂತೆ.
ಎರ್ರೆಮ್ಮ ಅಂಗಡಿಯವಳು, ಎಂಬತ್ತು ಒತ್ತಿದಳು.
ನಾನು ಮೂವತ್ತು.
ಎಪ್ಪತ್ತೈದು.
ಮೂವತ್ತು.
"ನನಗೇ ಬಿದ್ದಿಲ್ಲ ಕಣೇ ಆ ರೇಟಿಗೆ!"
"ಮಾತಾಡಂಗಿಲ್ಲ. ನಿನಗೆ ಕನ್ನಡ ಬರಲ್ಲ."

ಹುಸೇನ್‌ಬಿ ಆಚೆ ಕೂತು ಹೊಸ ಡಬ್ಬ ಎಳೆದುಕೊಂಡಳು.
ಬ್ಲೇಡು ಇಟ್ಟವಳು ನಿಂತಳು.
ಡಬ್ಬವನ್ನು ಒಂದು ಸುತ್ತು ತಿರುಗಿಸಿದಳು, ಮತ್ತೊಂದು ಸುತ್ತು.
ಟೇಪು ಬಲಗಡೆಯಿಂದ ಸುತ್ತಿತ್ತು,
ತುದಿ ಹೇಗೆಂದರೆ ಹಾಗೆ ಹರಿದಿತ್ತು.

"ರಜಾ ಹಾಕಿರಬೇಕು," ಅಂದಳು.
"ಎಲ್ಲೋ ತಿರುಗಾಡಕ್ಕೆ ಹೋಗ್ಯಾಳೆ."